ಪಾಸ್ ಕೊಟ್ಟವನ ಕಡೆಗೆ ಓಡಿ

ನಮ್ಮ ಪಿ.ಟಿ. ಮೇಷ್ಟ್ರನ್ನು ಮಣ್ಣು ಮಾಡಿ ವಾಪಸು ಬರುತ್ತಿದ್ದಾಗ ಹದಿನಾರು ಹದಿನೇಳರ ಹುಡುಗನೊಬ್ಬ ಜೊತೆಯಲ್ಲಿ ಹೆಜ್ಜೆ ಹಾಕುತ್ತಾ ಕೇಳಿದ: "ಅಂಕಲ್, ಎಷ್ಟೊಂದು ಜನ ಬಂದಿದ್ರು! ಸಾರ್ ಎಷ್ಟು ಕಪ್ ಗೆಲ್ಲಿಸಿದ್ರು?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ಹೈಸ್ಕೂಲಿನಲ್ಲಿದ್ದ ಮೂರು ವರ್ಷದಲ್ಲಿ ಫುಟ್‌ಬಾಲಿನಲ್ಲಿ ತಾಲ್ಲೂಕು ಮಟ್ಟದಲ್ಲಿ ಒಮ್ಮೆ ಗೆದ್ದಿದ್ದೆವು, ಜಿಲ್ಲಾ ಮಟ್ಟದ ಫೈನಲಿನಲ್ಲಿ ಸೋತು ಬಂದಿದ್ದೆವು. "ಒಂದೆರಡು ಇರಬಹುದಪ್ಪ" ಅಂದೆ. ಹುಡುಗ ಸುಮ್ಮನಾದ. ಅಷ್ಟಕ್ಕೇ ಇಷ್ಟು ಜನವೇ ಎಂಬ ಪ್ರಶ್ನೆ ಅವನ ಮುಖದಲ್ಲಿ ಹಾಗೇ ಉಳಿದಿತ್ತು. ಕೆಜಿಎಫ್‌ನಿಂದ ಬಂಗಾರಪೇಟೆ ತಲುಪುವ ತನಕವೂ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನೇ ಈಗ ಬರೆಯುತ್ತಿದ್ದೇನೆ, ಅವನಿಗೂ ಅವನ ವಯಸ್ಸಿನ ನಿಮ್ಮೆಲ್ಲರಿಗೂ.

ಮೇಷ್ಟ್ರ ಹೆಸರು ಇಲ್ಲಿ ಹಾಕುತ್ತಿಲ್ಲ. ಹತ್ತು ಜನರೆದುರು ಹೊಗಳಿದರೆ ಮುಜುಗರಪಟ್ಟು ಸೈಕಲ್ ಹತ್ತಿ ಹೊರಟುಬಿಡುತ್ತಿದ್ದ ಮನುಷ್ಯ. ನಿಮ್ಮ ಶಾಲೆಯಲ್ಲೂ ಅಂಥವರೊಬ್ಬರು ಇದ್ದಾರು. ಓದುವಾಗ ಅವರ ಮುಖವನ್ನೇ ನೆನೆಸಿಕೊಳ್ಳಿ.

ನಾನು ಬಂಗಾರಪೇಟೆ ಹುಡುಗ. ಅಪ್ಪ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸಗಾರ. 1894ರಲ್ಲಿ ಚಿನ್ನದ ಗಣಿಗಳಿಗಾಗಿಯೇ ಹಾಕಿದ ಮಾರಿಕುಪ್ಪಂ ಲೈನಿನ ರೈಲಿನಲ್ಲಿ ಕೆಜಿಎಫ್‌ನ ಶಾಲೆಗೆ ಹೋಗುತ್ತಿದ್ದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಒಂದೊಂದೇ ಸ್ಟೇಷನ್ ಬರುವಾಗ ಕಿಟಕಿಯಾಚೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು, ಅವುಗಳ ಹಿಂದೆ ಗಣಿಬಾವಿಗಳ ಕಬ್ಬಿಣದ ಗೋಪುರಗಳು. ಅದು ಎಂಬತ್ತರ ದಶಕ. ಚಾಂಪಿಯನ್ ರೀಫ್ ಗಣಿ ಆ ಹೊತ್ತಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನಾವು ಮೇಲೆ ಚೆಂಡು ಒದೆಯುತ್ತಿದ್ದರೆ ನಮ್ಮ ಜೊತೆಗಾರರ ಅಪ್ಪಂದಿರು ಕೆಳಗೆ ಕಲ್ಲು ಕೊರೆಯುತ್ತಿದ್ದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಅದು, ಹೌದು. ಆದರೆ ಕಾರ್ಮಿಕರ ಲೈನ್ ಮನೆಗಳಲ್ಲಿ ಕಾಲು ಚಾಚಲೂ ಜಾಗವಿರುತ್ತಿರಲಿಲ್ಲ. ಅಲ್ಲಿನ ಹುಡುಗರಿಗೆ ಮೈದಾನವೇ ಮನೆಯ ದೊಡ್ಡ ಕೋಣೆ.

ಆಟ ಈ ಊರಿಗೆ ಬಂದದ್ದು ಗಣಿಯ ಜೊತೆಯಲ್ಲೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು ಬಂದರು, ಅವರ ಹಿಂದೆಯೇ ಕ್ಲಬ್ಬು, ಹಾಕಿ, ಫುಟ್‌ಬಾಲ್ ಬಂದವು. ಸಾಹೇಬರು ಬೂಟು ಹಾಕಿಕೊಂಡು ಆಡಿದ ಆಟವನ್ನು ಕೂಲಿಯವರ ಮಕ್ಕಳು ಬರಿಗಾಲಲ್ಲಿ ಕಲಿತರು. ನಮ್ಮ ಮೇಷ್ಟ್ರೂ ಹಾಗೆ ಕಲಿತವರೇ. ಅವರ ಅಪ್ಪ, ತಾತ ಇಬ್ಬರೂ ಗಣಿಗೆ ಇಳಿದವರು.

ಸಂಜೆ ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ಅವರ ಸೈಕಲ್ ಮೈದಾನದಲ್ಲಿರುತ್ತಿತ್ತು. ಹ್ಯಾಂಡಲಿಗೆ ನೇತುಹಾಕಿದ ಬಲೆಚೀಲದಲ್ಲಿ ಎರಡು ಚೆಂಡು, ಕ್ಯಾರಿಯರಿನಲ್ಲಿ ಪಂಪು, ಕೊರಳಲ್ಲಿ ಸೀಟಿ. ಆಗಿನ ಚೆಂಡು ಅಂದರೆ ಲೇಸು ಕಟ್ಟುವ ಚರ್ಮದ ಚೆಂಡು. ಒಳಗಿನ ರಬ್ಬರ್ ಬ್ಲಾಡರಿನ ಬಾಯಿಗೆ ಪಂಪು ಸಿಕ್ಕಿಸಿ ಗಾಳಿ ತುಂಬಬೇಕು, ಬಾಯನ್ನು ದಾರದಿಂದ ಬಿಗಿಯಬೇಕು, ಮಡಚಿ ಒಳಕ್ಕೆ ತುರುಕಬೇಕು, ಆಮೇಲೆ ಶೂ ಕಟ್ಟುವ ಹಾಗೆ ಲೇಸು ಎಳೆಯಬೇಕು. ಗಂಟು ಮೇಲೆದ್ದು ಕೂತರೆ ಹೆಡ್ ಮಾಡಿದವನ ಹಣೆ ಗೀರಿಹೋಗುತ್ತಿತ್ತು. ಅದಕ್ಕೇ ಮೇಷ್ಟ್ರು ಪ್ರತಿದಿನ ಆಟಕ್ಕೆ ಮುಂಚೆ ಚೆಂಡನ್ನು ಕೈಯಲ್ಲಿ ತಿರುಗಿಸಿ, ಗಂಟಿನ ಮೇಲೆ ಹೆಬ್ಬೆರಳು ಆಡಿಸಿ, ಆಮೇಲೆ ತಮ್ಮ ಹಣೆಗೆ ಒಮ್ಮೆ ಒತ್ತಿ ನೋಡುತ್ತಿದ್ದರು. ನಮ್ಮ ಹಣೆಗೆ ತಾಗುವ ಮೊದಲು ಅವರ ಹಣೆಗೆ ತಾಗಬೇಕು. ಮೂವತ್ತೈದು ನಲವತ್ತು ವರ್ಷವಾದರೂ ಅವರನ್ನು ನೆನೆದಾಗ ನನಗೆ ಕಾಣುವುದು ಅದೇ ಚಿತ್ರ.

ಅವರ ಒಂದು ಮಾತು ಕನ್ನಡದಲ್ಲಿ ಶುರುವಾಗಿ, ತಮಿಳಿನಲ್ಲಿ ತಿರುಗಿ, ತೆಲುಗಿನಲ್ಲಿ ಮುಗಿಯುತ್ತಿತ್ತು. ಉರ್ದು ಮಾತಾಡುವ ನಮ್ಮ ಗೋಲಿಗೆ ಉರ್ದುವಿನಲ್ಲೇ ಬೈಗುಳ. ಯಾರ ಮನೆಮಾತು ಏನು, ಯಾರು ಯಾವ ಲೈನಿನವರು, ಯಾರ ಮನೆಯಲ್ಲಿ ಯಾವ ದೇವರ ಪಟ ಎಂಬುದನ್ನೆಲ್ಲ ಮೈದಾನದಂಚಿನ ಸುಣ್ಣದ ಗೆರೆಯಾಚೆ ಬಿಟ್ಟು ಬರಬೇಕಿತ್ತು. ಹಾಗೆಂದು ಅವರು ಭಾಷಣ ಮಾಡಿದವರಲ್ಲ. ಹನ್ನೊಂದು ಜನರನ್ನು ಆಡಲು ನಿಲ್ಲಿಸುತ್ತಿದ್ದರು, ಅಷ್ಟೆ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಗೋಲು ಹೊಡೆದವನು ಕೈ ಮೇಲೆತ್ತಿ ಮೈದಾನ ಸುತ್ತುವ ಹಾಗಿಲ್ಲ. ಮೊದಲು ತನಗೆ ಪಾಸ್ ಕೊಟ್ಟವನ ಹತ್ತಿರ ಓಡಿಹೋಗಿ ಅವನ ಬೆನ್ನು ತಟ್ಟಬೇಕು. ಮರೆತರೆ ಮರುದಿನ ಮೈದಾನಕ್ಕೆ ಐದು ಸುತ್ತು. "ಗೋಲು ಹೊಡೆದವನು ಯಾರು ಅಂತ ಊರೇ ಹೇಳುತ್ತೆ ಕಣೋ. ಪಾಸ್ ಕೊಟ್ಟವನು ಯಾರು ಅಂತ ನೀನು ಹೇಳಬೇಕು" ಅನ್ನುತ್ತಿದ್ದರು. ಹದಿಮೂರರ ವಯಸ್ಸಿನಲ್ಲಿ ಅದು ಆಟದ ನಿಯಮ ಅಂದುಕೊಂಡಿದ್ದೆ. ಅದು ಬದುಕಿನ ನಿಯಮ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಗಣಿಯ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ಕೆಜಿಎಫ್‌ನಲ್ಲಿ ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಮೇಲೆ ಮನೆಗಳಲ್ಲಿ ಪಾತ್ರೆಗಳು ಕಟಕಟ ಅಂದರೆ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಹಾಗೊಂದು ದಿನ ನಮ್ಮ ಟೀಮಿನ ಲೆಫ್ಟ್ ಔಟ್ ಹುಡುಗನ ಅಪ್ಪ ಕೆಳಗಿಂದ ಬರಲಿಲ್ಲ. ಎರಡು ವಾರ ಕಳೆದು ಆ ಹುಡುಗ ಮೈದಾನದಂಚಿಗೆ ಬಂದು ನಿಂತ. ಏನು ಮಾತಾಡಬೇಕೆಂದು ನಮಗ್ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಸಮಾಧಾನದ ಒಂದು ಮಾತೂ ಆಡಲಿಲ್ಲ. ಗಾಳಿ ಇಳಿದ ಚೆಂಡನ್ನೂ ಪಂಪನ್ನೂ ಅವನ ಮುಂದಿಟ್ಟು, "ಗಾಳಿ ತುಂಬಪ್ಪ, ಇವರ್ಯಾರಿಗೂ ನೆಟ್ಟಗೆ ಬರಲ್ಲ" ಅಂದರು. ಅವನು ಕೂತು ಪಂಪು ಒತ್ತಿದ. ದಾರ ಬಿಗಿಯುವಾಗ ಕಣ್ಣು ತುಂಬಿ ಏನೂ ಕಾಣದಾಯಿತು. ಮೇಷ್ಟ್ರು ಎದುರಿಗೆ ಮಣ್ಣಿನಲ್ಲೇ ಕೂತು ದಾರದ ಇನ್ನೊಂದು ತುದಿ ಹಿಡಿದುಕೊಂಡರು. ಅವತ್ತಿನಿಂದ ಚೆಂಡು ನೋಡಿಕೊಳ್ಳುವ ಜವಾಬ್ದಾರಿ ಅವನದೇ ಆಯಿತು. ಚೆಂಡು ತನ್ನ ಕೈಯಲ್ಲಿದ್ದ ಮೇಲೆ ಮೈದಾನಕ್ಕೆ ಬರದೆ ಇರುವುದು ಹೇಗೆ? ಒಂದು ದಿನವೂ ತಪ್ಪಿಸಲಿಲ್ಲ. ಈಗ ಅವನೂ ಅಜ್ಜನಾಗಿದ್ದಾನೆ. ಮೇಷ್ಟ್ರ ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ಅವನೇ.

ಶಾಲೆಯ ಮೇಷ್ಟ್ರೊಬ್ಬ ಇದಕ್ಕಿಂತ ಹೆಚ್ಚೇನು ಮಾಡಿಯಾನು ಎಂದು ಕೇಳುವವರಿದ್ದರೆ ಅವರಿಗೆ ಸೈಯದ್ ಅಬ್ದುಲ್ ರಹೀಂ ಅವರ ಕಥೆ ಹೇಳಬೇಕು. ಹೈದರಾಬಾದಿನ ಕಾಚಿಗುಡ ಮಿಡಲ್ ಸ್ಕೂಲು, ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಪಾಠ ಹೇಳಿದ ಮೇಷ್ಟ್ರು ಅವರು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದ ಕಾಲ. ರಹೀಂ ಸಾಹೇಬರು ಹುಡುಗರಿಗೆಂದು ವಿಚಿತ್ರವಾದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಬಲಗಾಲಿನವನು ಎಡಗಾಲಲ್ಲೇ ಆಡಬೇಕು. ಇನ್ನೊಂದರಲ್ಲಿ ಡ್ರಿಬಲ್ ಮಾಡುವ ಹಾಗೇ ಇಲ್ಲ, ಚೆಂಡು ಸಿಕ್ಕಿದ ಕೂಡಲೇ ಪಾಸ್ ಕೊಡಬೇಕು. ಆ ಮೇಷ್ಟ್ರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು.

ಭಾರತ ತಂಡದ ಕೋಚ್ ಆಗಿ ಅವರು ಸೋಲನ್ನೂ ಉಂಡರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾದ ಎದುರು 1–10. ಬೇರೆಯವರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರೇನೋ. ರಹೀಂ ಮತ್ತೆ ಕಟ್ಟಿದರು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ಸೆಮಿಫೈನಲಿಗೆ ಹೋಯಿತು, ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದ ಹಾಫ್ ಲೈನಿನಲ್ಲಿ ನಮ್ಮ ಮೈಸೂರಿನ ಕೆಂಪಯ್ಯ ಇದ್ದರು. 1962ರ ಹೊತ್ತಿಗೆ ರಹೀಂ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹಿಡಿದಿತ್ತು. ಆದರೂ ಜಕಾರ್ತಾದ ಏಷ್ಯನ್ ಗೇಮ್ಸ್‌ಗೆ ತಂಡದ ಜೊತೆ ಹೋದರು. ಫೈನಲಿನ ಹಿಂದಿನ ರಾತ್ರಿ ಆಟಗಾರರನ್ನು ಕೂರಿಸಿಕೊಂಡು ತಮಗೊಂದು ಉಡುಗೊರೆ ಬೇಕೆಂದರಂತೆ. ಕೇಳಿದ್ದು ಚಿನ್ನದ ಪದಕ. ಸೆಪ್ಟೆಂಬರ್ 4ರಂದು ಕಿಕ್ಕಿರಿದ ಮೈದಾನದಲ್ಲಿ, ಭಾರತದ ವಿರುದ್ಧ ಕೂಗುತ್ತಿದ್ದ ಜನಸಾಗರದ ಎದುರು, ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು, ಪಿ.ಕೆ. ಬ್ಯಾನರ್ಜಿ ಒಂದು. ದಕ್ಷಿಣ ಕೊರಿಯಾದ ಮೇಲೆ 2–1. ಕೇಳಿದ ಚಿನ್ನವನ್ನು ಹುಡುಗರು ತಂದುಕೊಟ್ಟರು. ಮರುವರ್ಷ ಜೂನ್ 11ರಂದು ರಹೀಂ ತೀರಿಕೊಂಡರು. ಅಲ್ಲಿಂದೀಚೆಗೆ ಏಷ್ಯನ್ ಗೇಮ್ಸ್ ಫುಟ್‌ಬಾಲಿನ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.

ನಮ್ಮ ನಾಡಿನ ಪುಟಗಳೂ ಬರಿದಾಗಿಲ್ಲ. ಬ್ರಿಟಿಷ್ ಸೇನಾ ತಂಡಗಳದ್ದೇ ದರ್ಬಾರಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ, ಮತ್ತೆ 1938ರಲ್ಲಿ ಕಿತ್ತುಕೊಂಡು ಬಂದದ್ದು ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ನಿಂತಾಗ ನಮ್ಮವರಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದರು. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದವರು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಆಗಿನ ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಆಮೇಲೆ 54 ವರ್ಷದ ಬರಗಾಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ರವಿ ಬಾಬು ರಾಜು ಅವರು ತರಬೇತಿ ಕೊಟ್ಟ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಬರ ನೀಗಿಸಿತು.

ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರನ್ನೂ ಮರೆಯಬೇಡಿ. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದ, ಭಾರತ ತಂಡದ ನಾಯಕನಾಗಿದ್ದ ಆಟಗಾರ. ಆಟ ಮುಗಿದ ಮೇಲೆ ಹಳೆಯ ಹೆಸರಿನ ನೆರಳಲ್ಲಿ ಕೂತು ಕಾಲ ಕಳೆಯಬಹುದಿತ್ತು. ಅವರು ಕೊರಳಿಗೆ ಸೀಟಿ ಹಾಕಿಕೊಂಡು ಎಳೆಯರಿಗೆ ಕಲಿಸುವುದಕ್ಕೆ ಹೊರಟರು. 2020ರ ಅಕ್ಟೋಬರ್ 12ರಂದು ಅವರು ತೀರಿಕೊಂಡಾಗ ವಯಸ್ಸು 49.

ಈಗ ನಮ್ಮ ಕೆಜಿಎಫ್‌ಗೆ ಬರೋಣ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಜಗತ್ತಿಗೆ ಚಿನ್ನ ಕೊಟ್ಟ ಊರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆಗಳ ಸಂಬಳ ಒಂದೇ ದಿನಕ್ಕೆ ನಿಂತಿತು. ಶಿಫ್ಟಿನ ಸೈರನ್ ನಿಂತ ಮೇಲೆ ಊರಿಗೆ ಬೆಳಗಾಗುವುದನ್ನು ಹೇಳುವುದು ಬೆಂಗಳೂರಿನ ರೈಲು. ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಸಾವಿರಾರು ಜನ ಅದರಲ್ಲಿ ತುಂಬಿಕೊಂಡು ಹೋಗುತ್ತಾರೆ, ರಾತ್ರಿ ಊಟದ ಹೊತ್ತಿಗೆ ಇಳಿಯುತ್ತಾರೆ. ಅಪ್ಪ ನೆಲದಡಿಗೆ ಇಳಿಯುತ್ತಿದ್ದ, ಮಗ ರೈಲು ಹತ್ತುತ್ತಾನೆ. ಇಬ್ಬರಿಗೂ ಹಗಲು ಹೊತ್ತಿನಲ್ಲಿ ಮನೆ ಕಾಣದು. ಹೀಗಿರುವಾಗ ಸಂಜೆ ಮಕ್ಕಳನ್ನು ಮೈದಾನಕ್ಕೆ ಕರೆಯುವವರು ಯಾರು? ಮೈದಾನ ಇದ್ದಲ್ಲೇ ಇದೆ. ಸೀಟಿ ಊದುವವರಿಲ್ಲ.

ನಮ್ಮ ಮೇಷ್ಟ್ರು ನಿವೃತ್ತಿಯಾದ ಮೇಲೂ ಮೈದಾನಕ್ಕೆ ಹೋಗುತ್ತಿದ್ದರು. ಮಂಡಿ ನೋವು ಜಾಸ್ತಿಯಾದಾಗ ಮರದ ಕೆಳಗೆ ಸ್ಟೂಲು ಹಾಕಿಸಿಕೊಂಡು ಕೂತು ಸೀಟಿ ಊದುತ್ತಿದ್ದರು. ಅವರನ್ನು ಮಣ್ಣು ಮಾಡಿದ ದಿನ ಒಬ್ಬರಿಗೊಬ್ಬರು ಗುರುತಿಲ್ಲದ ಗಂಡಸರು ಸಾಲಾಗಿ ನಿಂತಿದ್ದರು. ಆಟೋ ಓಡಿಸುವವರು, ಬೆಮೆಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೆಂಗಳೂರಿನಿಂದ ಕಂಪನಿ ಐಡಿ ಕಾರ್ಡು ಕೊರಳಲ್ಲೇ ಇಟ್ಟುಕೊಂಡು ಓಡಿಬಂದವರು, ಒಬ್ಬ ಪಾದ್ರಿ, ಇಬ್ಬರು ಪೊಲೀಸರು. ಯಾರೂ ತಮ್ಮ ಕೆಲಸದ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಲಿಲ್ಲ. "ನಾನು ಎಂಬತ್ತೆರಡರ ಸ್ಟಾಪರ್." "ನಾನು ತೊಂಬತ್ತೊಂದರ ರೈಟ್ ಔಟ್." "ನಾನು ಗೋಲಿ, ಸಾರ್ ಬೈದು ಬೈದೇ ಗೋಲಿ ಮಾಡಿದ್ದು." ಮೈದಾನದಲ್ಲಿ ಅವರು ಕೊಟ್ಟ ಜಾಗವನ್ನೇ ಇವರೆಲ್ಲ ಜೀವನವಿಡೀ ತಮ್ಮ ವಿಳಾಸ ಮಾಡಿಕೊಂಡಿದ್ದರು.

ಆ ಹುಡುಗನಿಗೆ ನನ್ನ ಉತ್ತರ ಇದು. ಕಪ್ಪುಗಳನ್ನು ಎಣಿಸುವುದಾದರೆ ಒಂದೋ ಎರಡೋ. ಆದರೆ ಮಗೂ, ಆ ಸಾಲಿನಲ್ಲಿ ನಿಂತವರನ್ನು ನೀನೇ ಎಣಿಸು. ಅವರಲ್ಲಿ ಕುಡಿತದ ಕಡೆಗೆ ಹೊರಳಬಹುದಾಗಿದ್ದವರೆಷ್ಟು, ಶಾಲೆ ಬಿಡಬಹುದಾಗಿದ್ದವರೆಷ್ಟು, ಅಪ್ಪ ಸತ್ತ ದಿನ ತಾನೂ ಮುಗಿದೆ ಅಂದುಕೊಂಡವರೆಷ್ಟು ಎಂದು ಕೇಳಿ ನೋಡು. ಅವರೆಲ್ಲರಿಗೂ ಯಾರೋ ಒಬ್ಬರು ಸರಿಯಾದ ಹೊತ್ತಿಗೆ ಪಾಸ್ ಕೊಟ್ಟಿದ್ದರು. ಅದಕ್ಕೇ ಆ ದಿನ ಅವರು ಓಡಿಬಂದಿದ್ದರು.

ತಮ್ಮಂದಿರೇ, ತಂಗಿಯರೇ, ಈಗ ಚೆಂಡು ನಿಮ್ಮ ಕಾಲ ಬುಡದಲ್ಲಿದೆ. ಮೇಷ್ಟ್ರ ಫೋಟೋ ಸ್ಟೇಟಸ್ಸಿಗೆ ಹಾಕಿ ಕೈಮುಗಿದರೆ ಅವರ ಋಣ ತೀರದು. ನಿಮ್ಮ ಓಣಿಯಲ್ಲಿ ಎಂಟರಿಂದ ಹನ್ನೆರಡು ವರ್ಷದ ಹತ್ತು ಮಕ್ಕಳಾದರೂ ಇದ್ದಾರೆ, ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿದ್ದಾರೆ. ಅವರನ್ನು ಕರೆಯಿರಿ. ವಾರವೆಲ್ಲ ರೈಲಿನಲ್ಲೇ ಕಳೆದುಹೋದರೂ ಭಾನುವಾರ ನಿಮ್ಮದೇ. ಒಂದು ಗಂಟೆ ಸಾಕು. ಅನುಮತಿಗೆ ನಿಮ್ಮ ಹಳೆಯ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ. ಹಳೆಯ ವಿದ್ಯಾರ್ಥಿ ಬಂದು ಮಕ್ಕಳಿಗೆ ಆಟ ಕಲಿಸುತ್ತೇನೆಂದರೆ ಗೇಟು ತೆರೆಯುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಸೈನೈಡ್ ದಿಬ್ಬದ ಮೇಲೆ ಮಾತ್ರ ಮಕ್ಕಳನ್ನು ಆಡಿಸಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಚಿಕ್ಕ ಮಕ್ಕಳಿಗೆ ನಾಲ್ಕನೇ ನಂಬರಿನ ಚೆಂಡು ತನ್ನಿ. ದೊಡ್ಡವರ ಐದನೇ ನಂಬರು ಅವರ ಕಾಲಿಗೆ ಭಾರ. ಐದೈದು ಜನರ ಎರಡು ಟೀಮು ಮಾಡಿ, ಮೈದಾನ ಚಿಕ್ಕದಾಗಿರಲಿ, ಆಗ ಪ್ರತಿ ಮಗುವಿನ ಕಾಲಿಗೂ ಚೆಂಡು ಸಿಗುತ್ತದೆ. ಒಂದು ವಾರ ಎಡಗಾಲಿನ ಆಟ, ಒಂದು ವಾರ ಡ್ರಿಬಲ್ ಇಲ್ಲದ ಆಟ ಆಡಿಸಿ, ರಹೀಂ ಸಾಹೇಬರ ಪಾಠ ಬಂಗಾರಪೇಟೆಯಲ್ಲೂ ನಡೆಯಲಿ. ನೀರಿನ ಬಾಟಲಿ, ಬ್ಯಾಂಡೇಜು ಹತ್ತಿರವಿರಲಿ. ಕಲಿಸುವುದರಲ್ಲಿ ರುಚಿ ಹತ್ತಿದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ತರಬೇತಿ ಇದೆ, ಅದನ್ನು ಮಾಡಿಕೊಳ್ಳಿ. ಕೋಚ್ ಆಗುವ ದಾರಿಯ ಆರಂಭದ ಮೆಟ್ಟಿಲುಗಳಲ್ಲಿ ಒಂದು ಅದು.

ತಂಗಿಯರೇ, ನಿಮಗೆ ಬೇರೆಯಾಗಿ ಒಂದು ಮಾತು. ನಮ್ಮ ಕಾಲದಲ್ಲಿ ನಿಮ್ಮ ಅಮ್ಮಂದಿರು ಮೈದಾನದಂಚಿನಲ್ಲಿ ಪುಸ್ತಕದ ಚೀಲ ಹಿಡಿದು ನಿಂತು ನೋಡಿದರು. ಅವರಿಗೆ ಯಾರೂ ಪಾಸ್ ಕೊಡಲಿಲ್ಲ. ನಮ್ಮ ಮೇಷ್ಟ್ರಿಗೂ ಅದು ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಆ ತಪ್ಪನ್ನು ತಿದ್ದುವವರು ನೀವು. ಗೆರೆ ದಾಟಿ ಒಳಗೆ ಬನ್ನಿ, ಸೀಟಿಯನ್ನೂ ನೀವೇ ಊದಿ.

ಮೊದಲ ಭಾನುವಾರ ಮೂರೇ ಮಕ್ಕಳು ಬರಬಹುದು. ಎರಡನೇ ಭಾನುವಾರ ಮಳೆ ಬರಬಹುದು. ಮೂರನೇ ಭಾನುವಾರ ನಿಮಗೇ ಹಾಸಿಗೆ ಬಿಟ್ಟು ಏಳಲು ಮನಸ್ಸಾಗದಿರಬಹುದು. ಅವತ್ತು ತಪ್ಪದೆ ಏಳಿ. ಕೋಚ್ ಆಗುವುದು ಅಂದರೆ ಮಕ್ಕಳು ಬರುವ ಮುಂಚೆ ಬಂದು ನಿಂತಿರುವುದು, ವರ್ಷಗಟ್ಟಲೆ. ನಮ್ಮ ಮೇಷ್ಟ್ರ ದೊಡ್ಡತನವೆಲ್ಲ ಅಷ್ಟರಲ್ಲೇ ಇತ್ತು.

ಈ ಭಾನುವಾರ ಒಂದು ಚೆಂಡು, ಒಂದು ಪಂಪು, ಒಂದು ಸೀಟಿ ತೆಗೆದುಕೊಂಡು ಹೊರಡಿ. ಆಟಕ್ಕೆ ಮುಂಚೆ ಚೆಂಡನ್ನು ಒಮ್ಮೆ ನಿಮ್ಮ ಹಣೆಗೆ ಒತ್ತಿ ನೋಡಿ, ಆಮೇಲೆ ಮಕ್ಕಳಿಗೆ ಕೊಡಿ. ಬೆಳಿಗ್ಗೆ ಆರು ಗಂಟೆಗೆ ಬಂಗಾರಪೇಟೆಯ ಮೈದಾನದಲ್ಲಿ ನಾನೂ ಇರುತ್ತೇನೆ. ಬನ್ನಿ.